ಮಡಿಲಿಗೆ ಸುರಿದ ಬಳೆಚೂರು

ವಿಮಾನಪುರದ ಕ್ವಾರ್ಟರ್ಸಿನಲ್ಲಿ ನನ್ನ ಗಂಡ ದಸರೆಗೆಂದು ಸಣ್ಣ ಸಣ್ಣ ಮರದ ಗೊಂಬೆಗಳನ್ನು ಕೆತ್ತುತ್ತಿದ್ದರು. ಮರ ಎಂದರೆ ಹಳೆಯ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ. ಎಷ್ಟು ಹುಷಾರಾಗಿ ಕೆತ್ತಿದರೂ ಗೊಂಬೆಯ ಮೈತುಂಬ ಸಿಬಿರು ಏಳುತ್ತಿತ್ತು. ಕೆತ್ತಿ ಎದ್ದುಹೋಗುವುದು ಅವರ ಕೆಲಸ, ನಯ ಮಾಡುವ ರೇಜಿಗೆ ಹೆಂಗಸರಿಗೆ.

ಆ ವರ್ಷ ಆ ಕೆಲಸವನ್ನು ಅಕ್ಕ ವಹಿಸಿಕೊಂಡರು. ಅಕ್ಕ ಎಂದರೆ ನನ್ನ ಗಂಡನ ಅಕ್ಕ. ಬೇಸಿಗೆಯಲ್ಲಿ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಉಪ್ಪು ಕಾಗದವನ್ನು ಪೊರಕೆ ಕಡ್ಡಿಗೆ ಸುತ್ತಿ ಗೊಂಬೆಯ ಕಂಕುಳು, ಕತ್ತು ಎಲ್ಲ ಉಜ್ಜುತ್ತಿದ್ದರು. ಅದೊಂದರಲ್ಲೇ ಅವರ ಮುಖ ಸ್ವಲ್ಪ ಅರಳುತ್ತಿದ್ದುದು. ಕೊಡ ಹೊತ್ತ ಹೆಂಗಸಿನ ಗೊಂಬೆಯ ಹತ್ತಿರ ಮಾತ್ರ ಸೋತರು. ಸೀರೆಯ ನೆರಿಗೆಯೊಳಕ್ಕೆ ಕಡ್ಡಿ ಹೋಗಲಿಲ್ಲ.

"ಒಂದು ಗಾಜಿನ ಚೂರು ಇದ್ದಿದ್ರೆ ಕೆರೆದುಬಿಡಬಹುದಿತ್ತು ಕಣೇ" ಎಂದರು.

ಮಾರನೆಯ ದಿನ ಹಬ್ಬಕ್ಕೆ ಬಳೆ ತೊಡಿಸಿಕೊಳ್ಳಲು ಹಲಸೂರಿಗೆ ಹೋದೆ. ಬಳೆಯಂಗಡಿಯವನ ಗಲ್ಲಾದ ಕೆಳಗೆ ಒಡೆದ ಬಳೆಗಳ ಡಬ್ಬಿ ಇತ್ತು. ಬಾಗಿದ ಚೂರು, ಚೂಪು ಅಂಚು, ನೆರಿಗೆಗೆ ಹೇಳಿ ಮಾಡಿಸಿದ ಹಾಗಿದೆ ಅನ್ನಿಸಿತು.

"ಯಾಕಮ್ಮಾ, ಇದೆಲ್ಲ ವೇಸ್ಟು" ಎಂದು ಅವನು ನಕ್ಕ. ನಾನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ.

ಅಕ್ಕ ನೆಲದ ಮೇಲೆ ಕೂತಿದ್ದರು. "ತಗೊಳ್ಳಿ, ಏನ್ ತಂದಿದೀನಿ ನೋಡಿ!" ಎಂದು ಗಂಟು ಬಿಚ್ಚಿ ಅವರ ಮಡಿಲಿಗೇ ಸುರಿದೆ.

ಹಸಿರು ಚೂರುಗಳು. ಸುರಿದ ಮೇಲೆ ಕಣ್ಣಿಗೆ ಬಿತ್ತು. ಅವರ ಗಂಡನ ವೈಕುಂಠ ಸಮಾರಾಧನೆಗೆ ಮುಂಚೆ ಹೆಂಗಸರು ಸೇರಿ ಅವರ ಕೈಬಳೆ ಒಡೆದಾಗ ನಾನೂ ಬಾಗಿಲ ಹತ್ತಿರ ನಿಂತಿದ್ದೆ. ಅಂದು ನೆಲದ ಮೇಲೆ ಬಿದ್ದಿದ್ದೂ ಇಂಥವೇ ಹಸಿರು ಚೂರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ನಾನು ಮಾತಿನಲ್ಲಿ ನೋಯಿಸಿದ್ದರೂ ಕ್ಷಮೆ ಕೇಳಬಹುದಿತ್ತು. ಇದಕ್ಕೆ ಏನೆಂದು ಕೇಳಲಿ? ಕೇಳಿದರೆ ಅಂದಿನದನ್ನು ನಾನೇ ಎತ್ತಿ ಆಡಿದಂತಾಗುತ್ತಿತ್ತು.

ಅಕ್ಕ ಚೂರುಗಳನ್ನು ಒಂದೊಂದಾಗಿ ಆಯ್ದು ತಟ್ಟೆಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಕೆರೆಯುವ ಸದ್ದು ಕೇಳಿಸಿತು. ನನಗೆ ಜೀವ ಬಂದಂತಾಗಿ ಕಾಫಿ ಮಾಡಲು ಹೋದೆ.

ಲೋಟ ಹಿಡಿದು ಬರುವಾಗ ಸದ್ದು ನಿಂತಿತ್ತು. ಅಕ್ಕ ಗೋಡೆಯ ಕಡೆ ತಿರುಗಿ ಕೂತಿದ್ದರು. ಎಲ್ಲಕ್ಕಿಂತ ಉದ್ದದ ಚೂರನ್ನು ಬರಿಯ ಮಣಿಕಟ್ಟಿನ ಮೇಲಿಟ್ಟು, ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದರು.

ಹಿಂದಕ್ಕೆ ಹೋಗಬೇಕೆಂದುಕೊಂಡೆ. ಅಷ್ಟರಲ್ಲಿ ನನ್ನ ಹೊಸ ಬಳೆಗಳು ಸದ್ದು ಮಾಡಿದವು.

ಕದ್ದು ಸಿಕ್ಕಿಬಿದ್ದವರ ಹಾಗೆ ಅಕ್ಕ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು. ತಪ್ಪು ಮಾಡಿದವಳು ನಾನು, ನಾಚಿಕೊಂಡವರು ಅವರು.

"ಕಾಫಿ ಅಲ್ಲಿಡು" ಎಂದರು, ತಿರುಗದೆ. "ಚೂರು ಚೆನ್ನಾಗಿ ಕೆಲಸ ಮಾಡ್ತಿದೆ ಕಣೇ."