ಬಿದ್ದು ಕಲಿಸಿದ ಸುಬೇದಾರ ಕಾಕಾ

ಬೀಳುವುದರಲ್ಲಿ ನಮ್ಮ ಸುಬೇದಾರ ಕಾಕಾರನ್ನು ಮೀರಿಸುವವರಿರಲಿಲ್ಲ. ಗೋಪನಕೊಪ್ಪದ ಮೈದಾನದಲ್ಲಿ ನಾವು ಓಡುತ್ತಿದ್ದರೆ, ಅರವತ್ತು ದಾಟಿದ ಆ ಮನುಷ್ಯ ಎದುರಿಗೇ ಧೊಪ್ಪೆಂದು ಬಿದ್ದು, "ಯಪ್ಪಾ, ಸತ್ನೆಪ್ಪೋ!" ಎಂದು ಒದ್ದಾಡುತ್ತಿದ್ದರು. ಹೊಸಬನೊಬ್ಬ ಎತ್ತಲು ಬಗ್ಗಿದನೋ, ಬೆನ್ನಿಗೆ ಟವೆಲ್ಲಿನ ಏಟು. "ನಿನ್ನ ಹೆಣಾ ಎತ್ಲಿ! ನನ್ನ ಎತ್ತಂತ ಯಾರು ಹೇಳಿದ್ರು? ಓಡಲೇ!"

ಮಿಲಿಟರಿ ಬಿಟ್ಟು ಬಂದು ಪೊಲೀಸ್ ಆಗಬೇಕೆನ್ನುವ ನಮ್ಮಂಥ ಮಾಜಿ ಸೈನಿಕರಿಗೆ ಅವರು ಪುಕ್ಕಟೆ ಕಲಿಸುತ್ತಿದ್ದರು. ಪಲ್ಟನ್ನಿನಲ್ಲಿ ಓಟವೆಂದರೆ ಇಡೀ ತುಕಡಿಯ ಓಟ. ಕಡೆಯವನು ಮುಟ್ಟುವ ತನಕ ಯಾರೂ ಮುಟ್ಟಿದಂತಲ್ಲ. ಬಿದ್ದವನನ್ನು ಹೆಗಲಿಗೆ ಹಾಕಿಕೊಂಡೇ ಬರಬೇಕು. ಪೊಲೀಸ್ ಭರತಿಯಲ್ಲಿ ಅವರವರ ಓಟ ಅವರವರಿಗೆ. ಎತ್ತುವ ನಮ್ಮ ಆ ಚಾಳಿ ಬಿಡಿಸಲು ಕಾಕಾ ದಿನಾ ಮೈಯೆಲ್ಲ ಮಣ್ಣು ಮಾಡಿಕೊಳ್ಳುತ್ತಿದ್ದರು.

ಓಟ ಮುಗಿದ ಮೇಲೆ ಚಹಾದಂಗಡಿ ಮುಂದೆ ಇನ್ನೊಂದು ಪಾಠ. ಕಾಕಾ ಕುಡುಕನ ವೇಷ ಕಟ್ಟಿ ನನ್ನ ಕೊರಳಪಟ್ಟಿ ಹಿಡಿಯುತ್ತಿದ್ದರು. ನಾನೋ, "ಜೀ ಸಾಬ್" ಎಂದು ನೆಟ್ಟಗೆ ನಿಂತುಬಿಡುತ್ತಿದ್ದೆ. "ಕುಡಕಗ ಸಾಬ್ ಅಂತೀಯೇನೋ! ಪೊಲೀಸಗ ಬಾಯಿ ಇರಬೇಕಪಾ. ಮಾತಾಡಿ ಮನಿಗೆ ಕಳಸು." ಚಹಾದಂಗಡಿಯವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ನನಗದು ಕಡೆಯ ಅವಕಾಶ. ಮುಂದಿನ ಭರತಿಗೆ ವಯಸ್ಸು ಮೀರುತ್ತಿತ್ತು. ಗಬ್ಬೂರಿನ ಗೋದಾಮಿನ ಗೇಟಿನಲ್ಲಿ ಸೆಕ್ಯುರಿಟಿಯಾಗಿ ಬೆತ್ತ ಹಿಡಿದು ನಿಂತು ನಿಂತು ಸಾಕಾಗಿತ್ತು. ಬರೆಯುವ ಪರೀಕ್ಷೆ ಪಾಸಾಗಿದ್ದೆ. ಓಟವೊಂದೇ ಬಾಕಿ.

ಭರತಿಯ ದಿನ ಕಾಕಾ ಬೇಲಿಯ ಆಚೆ ನಿಂತಿದ್ದರು. ಕಡೆಯ ಸುತ್ತಿನಲ್ಲಿ, ನಮ್ಮ ಜೊತೆಗೇ ಕಲಿತ ಮಕ್ತುಮ ಕಾಲು ಹೊರಳಿ ನನ್ನ ಮುಂದೆ ಬಿದ್ದ. "ಓಡಲೇ! ಬಿಟ್ಟು ಓಡೋ!" ಕಾಕಾರ ದನಿ ಕೇಳಿಸಿತು. ಖರೇ ಹೇಳುತ್ತೇನೆ, ನಾನು ಯೋಚನೆಯನ್ನೇ ಮಾಡಲಿಲ್ಲ. ಕೈ ತಾನಾಗಿ ಅವನ ಕಂಕುಳಿಗೆ ಹೋಯಿತು. ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಗೆರೆ ಮುಟ್ಟುವಷ್ಟರಲ್ಲಿ ವೇಳೆ ಮೀರಿತ್ತು. ಇಬ್ಬರೂ ಫೇಲು.

ಕಾಕಾ ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ಅದೇ ಟವೆಲ್ಲಿನಿಂದ ನನ್ನ ಮುಖ ಒರೆಸಿ, "ಅಷ್ಟ ವರ್ಷ ಪಲ್ಟನ್ನಿನವರು ಎತ್ತಾಕ ಕಲಿಸ್ಯಾರ. ನಾಕ ತಿಂಗಳದಾಗ ನಾ ಹ್ಯಾಂಗ ಮರಸ್ಲೆಪಾ?" ಎಂದರು. ಮರುದಿನದಿಂದ ಅವರು ಮೈದಾನಕ್ಕೆ ಬರಲಿಲ್ಲ. ಉಳಿದ ಹುಡುಗರೂ ಒಬ್ಬೊಬ್ಬರೇ ಒಂದೊಂದು ಗೇಟು ಹಿಡಿದರು.

ಕಡೆಗೆ ಅವರನ್ನು ನೋಡಿದ್ದು ಆಸ್ಪತ್ರೆಯಲ್ಲಿ. ಲಕ್ವಾ ಹೊಡೆದು ಒಂದು ಮಗ್ಗುಲು ಸತ್ತಿತ್ತು. ಡ್ಯೂಟಿ ಮುಗಿಸಿ ಹಾಗೇ ಹೋಗಿದ್ದೆ. ದಿಂಬಿನಿಂದ ಜಾರಿದ್ದ ಅವರನ್ನು ಎತ್ತಿ ಕೂರಿಸಿದೆ. ತೊದಲುತ್ತ ಅಂದರು: "ಮತ್ತ ಎತ್ತಿದೆಲ್ಲೋ ಹುಚ್ಚಾ... ಬಿದ್ದಾಂವನ್ನ ಬಿಟ್ಟು ಓಡು."

"ಎಲ್ಲಿಗೆ ಓಡ್ಲಿರಿ, ಕಾಕಾ?"

ನನ್ನ ಅಂಗಿಯ ಮೇಲಿನ ಸೆಕ್ಯುರಿಟಿ ಪಟ್ಟಿಯನ್ನು ಬಹಳ ಹೊತ್ತು ನೋಡಿ ಅವರು ಕಣ್ಣು ಮುಚ್ಚಿದರು.

ಆ ವಾರವೇ ಹೋಗಿಬಿಟ್ಟರು. ಅವರ ಹೆಣ ಎತ್ತಿದವರಲ್ಲಿ ನಾನೂ ಮಕ್ತುಮನೂ ಇದ್ದೆವು. ಬಿಟ್ಟು ಓಡು ಎಂದು ಬೈಯುವವರು ಯಾರೂ ಇರಲಿಲ್ಲ.