ಇವರ ಎತ್ತರಕ್ಕೆ ಏಳುವ ಸೀಟು

ನನ್ನ ಗಂಡನ ಹಣೆಯ ನಟ್ಟನಡುವೆ ಗೋಲಿಯಷ್ಟು ದಪ್ಪದ ಒಂದು ಗಂಟಿತ್ತು. ಊರಿನ ತಗ್ಗು ಬಾಗಿಲುಗಳೆಲ್ಲ ಸೇರಿ ಮಾಡಿದ್ದು ಅದು. ಹೆಣ್ಣು ನೋಡಲು ಬಂದ ದಿನ ನಮ್ಮ ಮನೆಯ ಬಾಗಿಲಿಗೂ ಹಣೆ ಬಡಿಸಿಕೊಂಡು, ಕಣ್ಣಲ್ಲಿ ನೀರು ಬಂದಿದ್ದರೂ ನಗುತ್ತ ನಿಂತಿದ್ದರು. ನಾನೋ ಅವರ ಎದೆಮಟ್ಟಕ್ಕೆ ಬರುವವಳು. "ಅಟ್ಟದ ಸಾಮಾನು ಇಳ್ಸಲೆ ಅವ, ಮಂಚದಡಿ ಗುಡ್ಸಲೆ ನೀನು. ಇನ್ನೆಂತ ಬೇಕು?" ಎಂದು ಚಿಕ್ಕಮ್ಮ ಎಲ್ಲರೆದುರೇ ಅಂದುಬಿಟ್ಟಳು. ಮದುವೆಯಲ್ಲಿ ಎಲ್ಲರೂ ಒತ್ತಾಯಿಸಿದಾಗ ಒಂದೇ ಒಂದು ಸಲ ಇವರ ಹೆಸರು ಹೇಳಿದ್ದೆ. ಆಮೇಲೆ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ನನಗೆ ಇವರು ಅಂದರೆ ಇವರೇ.

ತೊಂಬತ್ತರ ದಶಕ ಅದು. ಯಲ್ಲಾಪುರದ ಅಂಚಿನಲ್ಲಿ ಬಾಡಿಗೆ ಮನೆ. ಇವರಿಗೆ ವಜ್ರಳ್ಳಿ ದಾರಿಯ ಹಾಲಿನ ಡೇರಿಯಲ್ಲಿ ಕೆಲಸ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಬೇಕು. ನನಗೆ ಅಂಗನವಾಡಿ, ನಡುಹಗಲಿನ ಕೆಲಸ. ಇವರು ಸೈಕಲ್ಲಿನಲ್ಲಿ ಹೋಗುತ್ತಿದ್ದರು, ನಾನು ನಡೆಯುತ್ತಿದ್ದೆ. ಹಗಲಿಡೀ ಸೈಕಲ್ಲು ಜಗಲಿಗೆ ಒರಗಿ ಸುಮ್ಮನೆ ನಿಂತಿರುತ್ತಿದ್ದರೂ ಇವರ ಎತ್ತರದ ಸೀಟಿನ ಮೇಲೆ ಕೂತರೆ ನನ್ನ ಕಾಲು ಪೆಡಲಿಗೆ ಎಟಕುತ್ತಿರಲಿಲ್ಲ. ದಿನಾ ಪಾನಾ ಹಿಡಿದು ನಟ್ಟು ಸಡಿಲಿಸಿ ಸೀಟು ಇಳಿಸಿ ಏರಿಸುವ ತಾಳ್ಮೆ ನನಗಿರಲಿಲ್ಲ.

ಹಾಗಿರುವಾಗ ಒಂದು ಚಳಿಗಾಲ, ಅರಬೈಲ್ ಘಟ್ಟ ಇಳಿದು ಗೋಕರ್ಣಕ್ಕೆ ಹೊರಟಿದ್ದ ಬಿಳಿಯನೊಬ್ಬ ತಿರುವಿನಲ್ಲಿ ಬಿದ್ದು ಕೈ ಮುರಿದುಕೊಂಡ. ಹಾಲಿನ ಗಾಡಿಯಲ್ಲಿ ಆ ದಾರಿಯಾಗಿ ಬರುತ್ತಿದ್ದ ಇವರು ಅವನನ್ನೂ ಅವನ ಗುಡ್ಡ ಹತ್ತುವ ಸೈಕಲ್ಲನ್ನೂ ಎತ್ತಿ ತಂದರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೆಲವು ದಿನ ನಮ್ಮ ಜಗಲಿಯಲ್ಲೇ ಇದ್ದ. ಬಸ್ಸು ಹತ್ತುವಾಗ, ಆಗಲೇ ಹಳತಾಗಿದ್ದ ಆ ಸೈಕಲ್ಲನ್ನು ಇವರ ಕೈಗೆ ಕೊಟ್ಟು ಹೋದ.

ಅದರ ಸೀಟಿನ ಪೈಪಿಗೆ ಒಂದು ಸ್ಪ್ರಿಂಗ್ ಇತ್ತು. ಕೆಳತುದಿ ಸೈಕಲ್ಲಿನ ಮೈಗೆ, ಮೇಲ್ತುದಿ ಪೈಪಿಗೆ ಬಿಗಿದ ಪಟ್ಟಿಗೆ. ಪಕ್ಕದ ಹಿಡಿಕೆ ಬಿಚ್ಚಿ ಕೂತರೆ ನಮ್ಮ ಭಾರಕ್ಕೆ ಸೀಟು ಇಳಿಯುತ್ತದೆ. ಹಿಡಿಕೆ ಮುಚ್ಚಿದರೆ ಅಲ್ಲೇ ನಿಲ್ಲುತ್ತದೆ. ಇಳಿದು ಮತ್ತೆ ಹಿಡಿಕೆ ಬಿಚ್ಚಿದರೆ ಸ್ಪ್ರಿಂಗ್ ಸೀಟನ್ನು ಮೊದಲಿನ ಎತ್ತರಕ್ಕೇ ತಂದು ನಿಲ್ಲಿಸುತ್ತದೆ, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಘಟ್ಟ ಇಳಿಯುವವರಿಗೆಂದು ಯಾವುದೋ ದೇಶದಲ್ಲಿ ಮಾಡಿದ್ದಂತೆ. ಇವರು ಅದನ್ನು ನೋಡಿದ್ದೇ, "ಇದು ನಮ್ಮಿಬ್ರಿಗೇ ಮಾಡಿದ್ದು ಮಾರಾಯ್ತಿ!" ಎಂದು ಕೂಗಿದರು.

ಪಟ್ಟಿ ಬಿಗಿದ ಜಾಗವೇ ಸೀಟು ಏಳುವ ಎತ್ತರ. ಅದನ್ನು ತಮ್ಮ ಅಳತೆಗೆ ಬಿಗಿದುಕೊಂಡರು. ನಾನು ಚೂಡಿದಾರ ಹೊಲಿಸಿಕೊಂಡೆ. ಟೀಚರಮ್ಮ ಗಂಡಸರ ಸೈಕಲ್ಲು ತುಳಿಯುತ್ತಾಳೆಂದು ಓಣಿಯವರು ಹೊರಗೆ ಬಂದು ನೋಡಿದರು. "ನೋಡ್ಲಿ ಬಿಡು. ಬ್ರೇಕ್ ಮೇಲೆ ಕೈ ಇರ್ಲಿ, ಅಷ್ಟೇ" ಎಂದರು ಇವರು.

ಹೊರಡುವಾಗ ಹಿಡಿಕೆ ಬಿಚ್ಚಿ ಕೂತು ನನ್ನ ಭಾರ ಹಾಕುತ್ತಿದ್ದೆ. ವಾಪಸು ಬಂದು ಇಳಿದವಳು ಮತ್ತೆ ಬಿಚ್ಚುತ್ತಿದ್ದೆ. ಸೀಟು ಕಿರ್ರೆಂದು ಮೇಲೇರಿ ಟಕ್ಕೆಂದು ನಿಲ್ಲುತ್ತಿತ್ತು, ಇವರಿಗೆ ತಯಾರಾಗಿ. ಆ ಟಕ್ ಕೇಳಿದ್ದೇ ಇವರು ಒಳಗೆ ಚಹಾಕ್ಕೆ ನೀರಿಡುತ್ತಿದ್ದರು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಲೋಟ ಮುಂದೆ. ಚಹಾಕ್ಕೆ ಸಕ್ಕರೆ ಸುರಿಯುತ್ತಿದ್ದರು, ನಾನು ದಿನಾ ಬೈಯುತ್ತಿದ್ದೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯಲ್ಲಿ ಸ್ಪ್ರಿಂಗಿಗೂ ಪಾಲು ಕೊಡುತ್ತಿದ್ದರು, ಅದಕ್ಕೂ ಬೈಯುತ್ತಿದ್ದೆ. ಮಕ್ಕಳಿರಲಿಲ್ಲ ನಮಗೆ. ಮನೆಯೊಳಗೆ ಸದ್ದು ಮಾಡಲು ನನ್ನ ಬಾಯಿ, ಆ ಸ್ಪ್ರಿಂಗು, ಇಷ್ಟೇ.

ಹೀಗೇ ವರ್ಷಗಳು ಸರಿದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೆಳಿಗ್ಗೆ ಡೇರಿಯಿಂದ ಬಂದವರು, "ಸ್ಪ್ರಿಂಗಿಗೆ ಕೊಬ್ಬು ಬಂಜು. ಸೀಟು ಮೇಲೆ ಹೋಗ್ತು, ಎಡಗಾಲು ಎಟಕ್ತಿಲ್ಲೆ" ಎಂದು ಪಟ್ಟಿಯನ್ನು ಚೂರು ಸರಿಸಿ ಸೀಟು ತಗ್ಗಿಸಿದರು. ಕೆಲವು ವಾರಗಳಾದ ಮೇಲೆ ಮತ್ತೆ ಅದೇ ದೂರು. ಹಳೆಯ ಸ್ಪ್ರಿಂಗು, ಪಟ್ಟಿ ಜಾರುತ್ತಿರಬೇಕೆಂದು ಇಬ್ಬರೂ ಅದನ್ನೇ ಶಪಿಸಿದೆವು. ಸಂದಿಗೆ ರಬ್ಬರ್ ತುಂಡು ಸಿಕ್ಕಿಸಿದೆವು. ಎಣ್ಣೆಯ ಮೇಲೆ ಎಣ್ಣೆ ಹಾಕಿದೆವು. ಸೊಂಟ ನೋಯುತ್ತದೆಂದರೆ ಅದಕ್ಕೂ ಸೀಟೇ ಕಾರಣವೆಂದುಕೊಂಡೆವು. ನಿಜಕ್ಕೂ ಸ್ಪ್ರಿಂಗು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತಿತ್ತು. ಸೊಂಟದ ಮೂಳೆಯೊಳಗೆ ರೋಗ ಕೂತು ಇವರ ಎಡಗಾಲೇ ಗಿಡ್ಡವಾಗುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿ, ಇವರನ್ನು ಹೊರಗೆ ಕೂರಿಸಿ, ಇದು ವಾಸಿಯಾಗುವ ರೋಗವಲ್ಲವೆಂದು ನನ್ನೊಬ್ಬಳಿಗೇ ಹೇಳಿದರು. ಬಸ್ಸಿನಲ್ಲಿ ಬರುವಾಗ ನನ್ನ ಬಾಯಿ ಸುಮ್ಮನಾದದ್ದು ನೋಡಿಯೇ ಇವರಿಗೆ ಗೊತ್ತಾಗಿರಬೇಕು.

ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ಸೈಕಲ್ಲನ್ನು ಜಗಲಿಗೆ ಹತ್ತಿಸಿ ಮಂಚದ ಹತ್ತಿರ ತರಲು ಹೇಳಿದರು. ತಂದು ನಿಲ್ಲಿಸಿದೆ. ಪಾನಾ ಕೇಳಿದರು. ಅದನ್ನೂ ಕೊಟ್ಟೆ. "ಕೂತ್ಗ" ಎಂದರು. ಹಿಡಿಕೆ ಬಿಚ್ಚಿ ಕೂತು ಸೀಟು ಇಳಿಸಿದೆ. ಇವರು ಮಲಗಿದಲ್ಲಿಂದಲೇ ಕೈ ಚಾಚಿ ಪಟ್ಟಿಯ ಸ್ಕ್ರೂ ಸಡಿಲಿಸತೊಡಗಿದಾಗಲೇ ನನಗೆ ಅರ್ಥವಾದದ್ದು. ಇವರು ನನ್ನ ಎತ್ತರಕ್ಕೆ ಬಿಗಿಯುತ್ತಿದ್ದರು.

"ಅದನ್ನ ಮುಟ್ಟಡಿ" ಎಂದು ಕೈ ಹಿಡಿದುಕೊಂಡೆ. "ನಿಮ್ಮದು ಅಲ್ಲೇ ಇರ್ಲಿ."

"ನಿಂಗೆ ಇನ್ನು ದಿನಾ ಒತ್ತಿ ಇಳ್ಸ ಕೆಲ್ಸ ಬ್ಯಾಡ" ಎಂದರು. ನಗಲು ನೋಡಿದರು, ಆಗಲಿಲ್ಲ.

ಪಾನಾ ತಿರುಗಿಸುವಷ್ಟೂ ಶಕ್ತಿ ಇರಲಿಲ್ಲ. ಆದರೂ ನನ್ನ ಕೈಗೆ ಕೊಡಲಿಲ್ಲ. ಮಧ್ಯೆ ಮಧ್ಯೆ ಸುಧಾರಿಸಿಕೊಂಡು, ಬೆವರುತ್ತ, ಬಿಗಿದು ಮುಗಿಸಿದರು. ನಾನು ಸೀಟಿನ ಮೇಲೆ ಕೂತಲ್ಲೇ ಅತ್ತೆ. ಆ ಮಳೆಗಾಲ ಹಿಡಿಯುವ ಮೊದಲೇ ಇವರು ಹೋದರು.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಂಗನವಾಡಿಗೆ ಹೋದೆ. ಹೋಗುವಾಗ ಏನೂ ಅನ್ನಿಸಲಿಲ್ಲ. ಬಂದು ಇಳಿದವಳು ಎಂದಿನ ಹಾಗೆ ಹಿಡಿಕೆ ಬಿಚ್ಚಿದೆ. ಸೀಟು ಏಳಲಿಲ್ಲ. ಹಿಡಿಕೆಯ ಮೇಲೆ ಕೈ ಇಟ್ಟುಕೊಂಡು ಟಕ್ಕೆನ್ನುವುದನ್ನು ಕಾಯುತ್ತ ನಿಂತೆ. ಒಳಗೆ ಒಲೆಯೂ ತಣ್ಣಗಿತ್ತು. ಸತ್ತ ದಿನ ಅತ್ತಿದ್ದು ಅಳುವೇ ಅಲ್ಲ ಅನ್ನಿಸುವ ಹಾಗೆ ಅಂಗಳದಲ್ಲಿ ನಿಂತು ಅತ್ತೆ.

ಆಮೇಲೆ ಪಾನಾ ಹುಡುಕಿ ತಂದೆ. ಪಟ್ಟಿ ಕಚ್ಚಿ ಕಚ್ಚಿ ಪೈಪಿನ ಮೇಲೆ ಬಿದ್ದಿದ್ದ ಗೆರೆಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು, ಇವರ ಕಾಲು ಸರಿ ಇದ್ದಾಗಿನದನ್ನು, ಬೆರಳಲ್ಲಿ ಮುಟ್ಟಿ ನೋಡಿ ಅಲ್ಲಿಗೇ ಪಟ್ಟಿಯನ್ನು ಬಿಗಿದೆ. ಇವರು ಕೊನೆಯದಾಗಿ ನನಗೆಂದು ಮಾಡಿಕೊಟ್ಟಿದ್ದನ್ನು ಬಿಚ್ಚಿಹಾಕಿದೆ. ಬೈಯುವುದಿದ್ದರೆ ಬೈಯಲಿ, ಇಷ್ಟು ವರ್ಷ ನಾನೊಬ್ಬಳೇ ಬೈದದ್ದಾಯಿತು.

ಈಗಲೂ ಬೆಳಿಗ್ಗೆ ಸೀಟನ್ನು ಒತ್ತಿ ಇಳಿಸಿಯೇ ಹೊರಡುತ್ತೇನೆ. ಬಂದು ಇಳಿದು ಹಿಡಿಕೆ ಬಿಚ್ಚುತ್ತೇನೆ. ಸೀಟು ಇವರ ಎತ್ತರಕ್ಕೆ ಎದ್ದು ಟಕ್ಕೆನ್ನುತ್ತದೆ. ಒಳಗೆ ಹೋಗಿ ಚಹಾಕ್ಕೆ ನೀರಿಡುತ್ತೇನೆ. ಸಕ್ಕರೆ ಜಾಸ್ತಿಯೇ ಹಾಕುತ್ತೇನೆ.