ಸತ್ತ ಸಾಕ್ಷಿಯನ್ನು ಕರೆದದ್ದು

ಈಗ ಟೀವಿಯಲ್ಲಿ ಕಾಣುವ ಕೋರ್ಟಿನ ವಾದವಿವಾದಗಳನ್ನು ಐವತ್ತರ ದಶಕದ ಸೊಲ್ಲಾಪುರದಲ್ಲಿ ನಾವು ನಾಟಕಗಳಲ್ಲಿ ನೋಡುತ್ತಿದ್ದೆವು. ವಕೀಲ ಮೇಜು ಗುದ್ದಬೇಕು, ಆರೋಪಿಯ ತಾಯಿ ಚೀರಬೇಕು, ಕೊನೆಯ ಗಳಿಗೆಯಲ್ಲಿ ಹೊಸ ಸಾಕ್ಷಿ ಬಾಗಿಲಲ್ಲಿ ನಿಲ್ಲಬೇಕು. ನಮ್ಮ ಕಾಲೇಜಿನ ಗೆಳೆಯರು ಕೈಬರಹದ ನಗೆಪತ್ರಿಕೆಯೊಂದನ್ನು ತರುತ್ತಿದ್ದರು. ಅದಕ್ಕೆಂದು ಇಂಥ ನಾಟಕಗಳ ಅಣಕ ಬರೆದೆ. ನನ್ನ ಕೋರ್ಟಿನಲ್ಲಿ ಕೊನೆಯ ಸಾಕ್ಷಿ ಎಂದರೆ ಕೊಲೆಯಾದವನೇ.

ರಜೆಯಲ್ಲಿ ಅದನ್ನು ಚಪಳಗಾಂವಕ್ಕೆ, ಸೋದರಮಾವನ ಮನೆಗೆ ಒಯ್ದೆ. ಮಾವ ಹಿಂದಿನ ವರ್ಷ ಕುರಿ ಮೇಯಿಸಲು ಹೋದಲ್ಲೇ ಹಾವು ಕಡಿದು ತೀರಿಕೊಂಡಿದ್ದರು. ಸಂಜೆ ಕುರಿಗಳು ಹಟ್ಟಿ ಸೇರಿದ ಮೇಲೆ ಅತ್ತೆಯೂ, ಮಾವನ ತಮ್ಮ, ಅಂದರೆ ನನ್ನ ಸಣ್ಣಮಾವನೂ ಕಟ್ಟೆಯ ಮೇಲೆ ಕೂತರು.

"ಏನೋ ನಗೂದು ಬರದೀಯಂತಲ್ಲ, ಓದು" ಎಂದಳು ಅತ್ತೆ.

ಜಡ್ಜಸಾಹೇಬರು ಗೊರಕೆ ಹೊಡೆಯುವಲ್ಲಿ ಅವಳು ನಕ್ಕಳು. ವರ್ಷದ ಮೇಲೆ ಆ ನಗು ಕೇಳಿ ನನಗೆ ಹುರುಪು ಬಂತು. ಎದ್ದು ನಿಂತು, ಕೋರ್ಟಿನ ಪಟ್ಟೇವಾಲನ ದನಿಯಲ್ಲಿ ಮೂರು ಸಲ ಕೂಗಿದೆ: "ಸತ್ತಾಂವ ಹಾಜರ್ ಹೋ!"

"ಬಂದೀನ್ರಿ" ಎಂದಿತು ಹಟ್ಟಿಯ ಕಡೆಯಿಂದ ಒಂದು ದನಿ.

ಸಣ್ಣಮಾವನ ಚೇಷ್ಟೆ ಎಂದುಕೊಂಡು ತಿರುಗಿದೆ. ಅವನು ನನ್ನ ಪಕ್ಕದಲ್ಲೇ ಇದ್ದ, ಬೀಡಿ ಹಿಡಿದ ಕೈ ಬಾಯಿಯ ಹತ್ತಿರ ನಿಂತುಬಿಟ್ಟಿತ್ತು. ಕಂದೀಲು ಹಿಡಿದು ಹೋಗಿ ನೋಡಿ ಬಂದ.

"ಯಾರೂ ಇಲ್ಲ. ಕುರಿ ಎಲ್ಲಾ ಎದ್ದ ನಿಂತಾವು, ಬಾಗಲ ಕಡಿ ಮಾರಿ ಮಾಡಿ."

ಒಂದು ಕುರಿಯೂ ಅರಚುತ್ತಿರಲಿಲ್ಲ. ಅತ್ತೆ ನನ್ನನ್ನೇ ನೋಡುತ್ತಿದ್ದಳು.

"ಏನ ಕೇಳಾಕ ಕರದಿ ಅವ್ರನ್ನ?"

"ಸುಮ್ನ ಚ್ಯಾಷ್ಟಿಗಿ ಬರದದ್ದು, ಅತ್ತಿ..."

"ಕರದ ಮ್ಯಾಲ ಕೇಳಬೇಕು. ಬಂದು ನಿಂತಾರ. ಕೇಳು."

ಹಾಳೆಯಲ್ಲಿದ್ದದ್ದು ಒಂದೇ ಪ್ರಶ್ನೆ: ನೀ ಖರೇನ ಸತ್ತೀಯೇನು? ಇದಕ್ಕೇ ಗೆಳೆಯರು ಬಿದ್ದು ಬಿದ್ದು ನಕ್ಕಿದ್ದರು. ಮಾವನ ಎದುರು ಏಕವಚನ ಬಾಯಿಗೆ ಬರಲಿಲ್ಲ.

"ನೀವು ಖರೇನ ಸತ್ತೀರೇನ್ರಿ?"

ಸಣ್ಣಮಾವ ಕಂದೀಲು ಎತ್ತಿ ಹಿಡಿದ; ಹಟ್ಟಿಯಲ್ಲಿ ಕುರಿಗಳು ಒಂದೊಂದಾಗಿ ಮೊಣಕಾಲೂರಿ ಮಲಗಿದವು.

"ವರ್ಷಾತು ಕರ್ಯಾಕತ್ತೀನಿ, ಒಮ್ಮೆನೂ ಓ ಅಂದಿಲ್ಲ. ನಿನ್ನ ಕೋರ್ಟಿಗಿ ಬಂದ್ರು ನೋಡು" ಎಂದು ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಮರುದಿನ ಸಣ್ಣಮಾವ ನನ್ನನ್ನು ಬೀರೋಬನ ಗುಡಿಗೆ ಕರೆದೊಯ್ದು ಹಣೆಗೆ ಅರಿಶಿನದ ಭಂಡಾರ ಹಚ್ಚಿದ. ಅದೇ ಭಂಡಾರ ಮುಟ್ಟಿ ಆಣೆ ಮಾಡಿ, "ಬಂದೀನ್ರಿ ಅಂತ ನಾ ಅಂದಿಲ್ಲೋ ತಮ್ಮಾ" ಎಂದ.

ಸೊಲ್ಲಾಪುರಕ್ಕೆ ಮರಳಿದವನು ಆ ಸಾಕ್ಷಿಯನ್ನು ತೆಗೆದುಹಾಕಿ ಅಣಕವನ್ನು ಪತ್ರಿಕೆಗೆ ಕೊಟ್ಟೆ. ಕೊನೆ ಸಪ್ಪೆಯಾಯಿತೆಂದು ಗೆಳೆಯರು ಬೈದರು.